ನಿರ್ವ್ಯಸನಿ ಹುಡುಗನ ಕಾರು

ಹುಡುಗನ ಬಯೋಡಾಟಾದಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಶಬ್ದ ‘ನಿರ್ವ್ಯಸನಿ’. ಎತ್ತರ, ಓದು, ವಿಜಾಪುರ ರಸ್ತೆಯ ಸ್ವಂತ ಫ್ಲಾಟು, ಟಾವೆಲ್ ಚಾದರಿನ ಹೋಲ್‌ಸೇಲ್ ವ್ಯಾಪಾರ, ಎಲ್ಲ ಅದರ ಕೆಳಗೆ ಬಂದಿದ್ದವು. ಹೆಣ್ಣು ಹೆತ್ತವರು ಮೊದಲು ಹುಡುಕುವ ಶಬ್ದವೂ ಅದೇ. ಗುಟ್ಕಾ ಇಲ್ಲ, ಮಾವಾ ಇಲ್ಲ, ಸೇದುವುದಿಲ್ಲ, ಕುಡಿಯುವುದಿಲ್ಲ. ಸೊಲ್ಲಾಪುರದಂಥ ಊರಿನಲ್ಲಿ ಅಂಗಡಿ ಕಟ್ಟೆಯ ಮೇಲೆ ಬೆಳೆದ ಹುಡುಗ ಅಡಿಕೆಯ ಚೂರನ್ನೂ ಬಾಯಿಗೆ ಹಾಕುವುದಿಲ್ಲ ಎಂದರೆ ಅವನನ್ನು ಬಿಟ್ಟುಕೊಡುವವರು ಯಾರು? ಹುಡುಗಿಯ ತಂದೆ, ಶಾರದಾಬಾಯಿಯ ಗಂಡ ಕಲ್ಯಾಣಪ್ಪ ಆ ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ತನ್ನ ಚಾದರಿನ ಅಂಗಡಿಯ ಎಡಬಲದವರಿಗೆಲ್ಲ ತೋರಿಸಿ ಬಂದಿದ್ದ.

ಮಗಳು ಮಯೂರಿಗೆ ವರ ಹುಡುಕಲು ಶುರು ಮಾಡಿ ಮೂರು ವರ್ಷ ದಾಟಿತ್ತು. ಬಿ.ಫಾರ್ಮ್ ಓದಿ ಆಸ್ಪತ್ರೆಯೊಂದರ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಬಂದ ಬಂದವರಿಗೆಲ್ಲ ಈರುಳ್ಳಿ ಅವಲಕ್ಕಿಯ ಕಾಂದಾಪೋಹೆ ಮಾಡಿ ಕೊಟ್ಟು, ಈಗ ಈರುಳ್ಳಿ ಒಗ್ಗರಣೆಯ ವಾಸನೆ ಬಂದರೇ ಶಾರದಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಒಬ್ಬರಿಗೆ ಹುಡುಗಿಯ ಬಣ್ಣ ಕಮ್ಮಿ, ಇನ್ನೊಬ್ಬರಿಗೆ ಅವಳ ನೌಕರಿ ಬೇಡ, ಮತ್ತೊಬ್ಬರಿಗೆ ಕಲ್ಯಾಣಪ್ಪನ ಅಂಗಡಿ ಸಣ್ಣದು. ತಾಯಿಗೂ ಸಾಕಾಗಿತ್ತು, ಮಗಳಿಗೂ ಸಾಕಾಗಿತ್ತು. ಈ ಸಲ ಮಾತ್ರ ಎಲ್ಲ ತಾನಾಗಿಯೇ ಕೂಡಿಬಂದಿತ್ತು. ಹುಡುಗ ಯೋಗಿರಾಜ ಒಪ್ಪಿದ್ದ, ಅವನ ತಾಯಿ ಚಂದ್ರಭಾಗಾ ಅವನಿಗಿಂತ ಮೊದಲೇ ಒಪ್ಪಿದ್ದಳು.

"ಗುರುವಾರ ಎಲ್ಲಾರೂ ಕೂಡಿ ಅಕ್ಕಲಕೋಟಿಗಿ ಹೋಗಿ ಸ್ವಾಮಿ ದರ್ಶನಾ ಮಾಡಕೊಂಡು ಬರೂಣ್ರಿ ವೈನಿ," ಎಂದು ಚಂದ್ರಭಾಗಾ ಫೋನಿನಲ್ಲಿ ಶಾರದಾಬಾಯಿಗೆ ಹೇಳಿದ್ದಳು. "ಸಂಜೀಕ ನಿಮ್ಮ ಮನ್ಯಾಗಽ, ದೀಪಾ ಹಚ್ಚೂ ಹೊತ್ತಿಗಿ, ಹುಡುಗಿ ಉಡಿ ತುಂಬತೀನಿ. ಸಾಖರಪುಡಾದ ತಾರೀಖು ಆಮ್ಯಾಗ ತಗೀರಿ."

ನಿಶ್ಚಿತಾರ್ಥ ಆಮೇಲಾದರೂ ಸರಿ, ಉಡಿ ತುಂಬಿತೆಂದರೆ ಮುಗಿಯಿತು. ಮಾತು ಕೊಟ್ಟ ಹಾಗೆಯೇ. ಅದಾದ ಮೇಲೆ ಹಿಂದೆ ಸರಿದ ಮನೆಯ ಹೆಣ್ಣಿಗೆ ಆ ಪೇಟೆಯಲ್ಲಿ ಮತ್ತೆ ವರ ಸಿಗುವುದಿಲ್ಲ.

ಗುರುವಾರ ಬೆಳಿಗ್ಗೆ ಯೋಗಿರಾಜನ ಹೊಸ ಬಿಳಿ ಕಾರು ಬಾಗಿಲಿಗೆ ಬಂದು ನಿಂತಿತು. ಸೀಟುಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಮುಂದಿನ ಗಾಜಿನ ಒಳಗೆ ಅಡ್ಡಲಾಗಿ ಚೆಂಡು ಹೂವಿನ ಹಾರ ಕಟ್ಟಿ, ನಡುವೆ ನಿಂಬೆಹಣ್ಣು, ಮೆಣಸಿನಕಾಯಿ ಇಳಿಬಿಟ್ಟಿದ್ದರು. ಕಾರಿಗೆ ಕೆಟ್ಟ ಕಣ್ಣು ಬೀಳಬಾರದು, ಸರಿ. ಓಡಿಸುವವನ ಕಣ್ಣಿಗೂ ಒಂದಿಷ್ಟು ಜಾಗ ಬಿಡಬೇಕಲ್ಲ. ಎಡಗಡೆಯ ಕನ್ನಡಿ ಗಲ್ಲಿಯಲ್ಲಿ ಯಾರಿಗೋ ತಾಗೀತೆಂದು ಮಡಚಿಟ್ಟದ್ದು ಮಡಚಿದಂತೆಯೇ ಇತ್ತು.

ಕಲ್ಯಾಣಪ್ಪ ಮುಂದೆ ಕುಳಿತ. ಹಿಂದೆ ಮೂವರು ಹೆಂಗಸರು, ನಡುವೆ ಶಾರದಾಬಾಯಿ. ಚಂದ್ರಭಾಗಾಳ ತೊಡೆಯ ಮೇಲೆ ಉಡಿಯ ಚೀಲವಿತ್ತು. ಖಣ, ತೆಂಗಿನಕಾಯಿ, ಅಕ್ಕಿ, ಅರಿಷಿಣ ಬೇರು, ಉತ್ತತ್ತಿ, ಒಂದನ್ನೂ ಮರೆತಿರಲಿಲ್ಲ.

"ಕಾಕಾ, ಬೆಲ್ಟ್ ಹಾಕಬ್ಯಾಡ್ರಿ, ಇಸ್ತ್ರಿ ಕೆಡತದ," ಎಂದ ಯೋಗಿರಾಜ. ಬೆಲ್ಟ್ ಸಿಗಿಸುವ ಜಾಗದಲ್ಲಿ ಬರೀ ಒಂದು ಕೊಂಡಿ ಚುಚ್ಚಿಟ್ಟಿದ್ದ. ಬೆಲ್ಟ್ ಹಾಕದಿದ್ದರೆ ಕಾರು ಕುಂಯ್‌ಗುಡುತ್ತಲೇ ಇರುತ್ತದೆ, ಅದರ ಬಾಯಿ ಮುಚ್ಚಿಸಲಿಕ್ಕೆ ಆ ಕೊಂಡಿ.

"ಹುಡುಗನ ಡೋಕಾ ಭಾರಿ ಅದ," ಎಂದು ಕಲ್ಯಾಣಪ್ಪ ಅವನ ಬುದ್ಧಿ ಮೆಚ್ಚಿ ಹಿಂದೆ ತಿರುಗಿ ಹೆಂಡತಿಗೆ ಹೇಳಿದ.

ಕಾರು ಗಲ್ಲಿ ದಾಟುವ ಮೊದಲೇ ಶಾರದಾಬಾಯಿಯ ಬಲಗಾಲು ಕೆಳಗಿನ ಮ್ಯಾಟನ್ನು ಒತ್ತಿ ಹಿಡಿದಿತ್ತು. ಅದು ಹಳೆಯ ಚಟ. ಮದುವೆಯಾದ ಹೊಸದರಲ್ಲಿ ಕಲ್ಯಾಣಪ್ಪ ಹಳೆಯ ವ್ಯಾನೊಂದರಲ್ಲಿ ಚಾದರಿನ ಗಂಟು ಹೇರಿಕೊಂಡು ದುಧನಿ, ಕರಜಗಿಯ ಸಂತೆಗಳಿಗೆ ಹೋಗುತ್ತಿದ್ದ, ಪಕ್ಕದಲ್ಲಿ ಅವಳು. ಅವನು ರಸ್ತೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿಕೊಂಡು ಓಡಿಸುವವನು. ಯಾರ ಹೊಲದಲ್ಲಿ ತೊಗರಿ ಹೇಗಿದೆ, ಯಾರ ಮನೆಗೆ ಮಾಳಿಗೆ ಏರಿತು, ಎಲ್ಲ ಬೇಕು. ತಿರುಗುವ ಮೊದಲು ಇಂಡಿಕೇಟರ್ ಹಾಕುವ ಬದಲು ಕಿಟಕಿಯಿಂದ ಕೈ ಬೀಸುತ್ತಿದ್ದ, ಅದೂ ತಿರುಗಿಸಿಯಾದ ಮೇಲೆ. ಒಂದೆರಡು ಸಲ ಅವಳು ಹೇಳಿ ನೋಡಿದಳು. "ನೀ ಹೊಡೀತಿ ಏನ್ ಗಾಡಿ? ಸುಮ್ಮ ಕೂಡು," ಎಂದ. ಅಂದಿನಿಂದ ಬಾಯಿ ಮುಚ್ಚಿತು, ಕಾಲು ಒತ್ತಲು ಶುರು ಮಾಡಿತು. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮೂವತ್ತು ವರ್ಷವಾಯಿತು. ಊರು ಮುಟ್ಟಿದಾಗ ಮೀನಖಂಡ ಗಂಟು ಕಟ್ಟಿರುತ್ತದೆ, ರಾತ್ರಿ ಎಣ್ಣೆ ತಿಕ್ಕಿಕೊಳ್ಳುತ್ತಾಳೆ. ಕೂತು ಬಂದವಳಿಗೆ ಎಂಥ ಕಾಲುನೋವು ಎಂದು ಕಲ್ಯಾಣಪ್ಪನಿಗೆ ಇವತ್ತಿಗೂ ಆಶ್ಚರ್ಯ.

ಊರ ಹೊರಗೆ ಬಂದರೆ ಗ್ಯಾಸ್ ಪಂಪು ರಸ್ತೆಯ ಆಚೆ ಬದಿಗಿತ್ತು. ಡಿವೈಡರಿನಲ್ಲಿ ತಿರುಗಿಕೊಳ್ಳುವ ಜಾಗ ಇನ್ನೂ ಮುಂದೆ. ಯೋಗಿರಾಜ ಹತ್ತಿರದ ಸಂದಿಯೊಂದರಲ್ಲಿ ಕಾರು ನುಗ್ಗಿಸಿ, ಎದುರಿನಿಂದ ಬರುವವರ ದಾರಿಯಲ್ಲೇ ಪಂಪಿನವರೆಗೆ ಹೋದ, ಗ್ಯಾಸ್ ತುಂಬಿಸಿಕೊಂಡು ಅದೇ ದಾರಿಯಲ್ಲೇ ವಾಪಸು ಬಂದ. ಎದುರಿಗೆ ಬಂದ ಲಾರಿಯವನು ದೀಪ ಮಿಣುಕಿಸಿ ಹಾರ್ನ್ ಹೊಡೆದ.

"ಏ, ಕಾಣಂಗಿಲ್ಲೇನ್ ಲೇ!" ಎಂದು ಯೋಗಿರಾಜ ಅವನನ್ನೇ ಬೈದ. ಆಮೇಲೆ ನಯವಾಗಿ, "ಕಾಕಾ, ಎರಡ ಮಿನಿಟಿನ ಸಲುವಾಗಿ ಯಾರ್ ಅಷ್ಟ ದೂರ ಹೋಗ್ತಾರ್ರಿ?" ಎಂದ.

"ಎಲ್ಲಾರೂ ಹಿಂಗಽ ಹೋಗ್ತಾರಪಾ," ಎಂದ ಕಲ್ಯಾಣಪ್ಪ.

ಚತುಷ್ಪಥ ಹೆದ್ದಾರಿ ಸಿಕ್ಕ ಮೇಲೆ ಕೇಳುವುದೇ ಬೇಡ. ಡಿವೈಡರಿಗೆ ಅಂಟಿಕೊಂಡ ಸಾಲು ತನ್ನ ಹೆಸರಿನಲ್ಲೇ ಇದೆಯೇನೋ ಎಂಬಂತೆ ಅವನು ಅದನ್ನು ಹಿಡಿದ. ಮುಂದಿನವರ ಬೆನ್ನಿಗೆ ಹತ್ತಿ ದೀಪ ಮಿಣುಕಿಸುವುದು, ಅವರು ಸರಿಯದಿದ್ದರೆ ಎಡಕ್ಕೆ ನುಗ್ಗಿ ದಾಟುವುದು. ತೊಡೆಯ ಮೇಲಿನ ಫೋನು ಟಿಂಗ್ ಎಂದಾಗಲೆಲ್ಲ ಗೋಣು ಕೆಳಗೆ. ಆದರೆ ಮಾತು ಮಾತ್ರ ಬೆಣ್ಣೆಯಷ್ಟು ಮೃದು. ಮಾವಶಿಗೆ, ಅಂದರೆ ಶಾರದಾಬಾಯಿಗೆ, ಎ.ಸಿ. ಜಾಸ್ತಿಯಾಯಿತೇ, ಕಾಕಾಗೆ ಸೀಟು ಹಿಂದೆ ಸರಿಸಲೇ ಎಂದು ಮತ್ತೆ ಮತ್ತೆ ವಿಚಾರಿಸುತ್ತಿದ್ದ, ವಿಚಾರಿಸುವಾಗ ಹಿಂದೆ ತಿರುಗಿ ಮುಖ ನೋಡಿಯೇ ವಿಚಾರಿಸುತ್ತಿದ್ದ. ಹಿರಿಯರೆಂದರೆ ಅಷ್ಟು ಮರ್ಯಾದೆ. ಶಾರದಾಬಾಯಿ ಮನಸ್ಸಿನಲ್ಲೇ, ‘ಮುಂದ ನೋಡಪಾ ನನ್ನಪ್ಪಾ’ ಎನ್ನುತ್ತ ಬಾಯಿಯಲ್ಲಿ, "ಬರೋಬರಿ ಅದರಿ, ಬರೋಬರಿ ಅದ" ಎನ್ನುತ್ತಿದ್ದಳು.

ವಳಸಂಗ ಇನ್ನೂ ಸ್ವಲ್ಪ ದೂರವಿರುವಾಗ ಹಿಂದಿನ ಚಕ್ರ ಪಂಚರ್ ಆಯಿತು. ಅಷ್ಟು ಹೊತ್ತಿಗೆ ಕಾರು ಎಡ ಸಾಲಿನಲ್ಲಿತ್ತು, ಅದೊಂದು ಪುಣ್ಯ. ಯೋಗಿರಾಜ ಅದನ್ನು ಅಲ್ಲೇ, ರಸ್ತೆಯ ಮೇಲೆಯೇ ನಿಲ್ಲಿಸಿದ.

"ಬಾಜೂಕ ಇಳಸ್ರಿ ಗಾಡಿ," ಎಂದಳು ಮಯೂರಿ.

"ಬಾಜೂಕ ಹಸೀ ಮಣ್ಣ ಅದ, ಜಾಕ್ ಇಳೀತದ." ಅವನು ಇಳಿದು ಡಿಕ್ಕಿ ತೆಗೆದ. ಸ್ಟೆಪ್ನಿಯ ಪಕ್ಕದಲ್ಲಿ ಕಂಪನಿಯವರೇ ಕೊಟ್ಟ ಕೆಂಪು ತ್ರಿಕೋನ, ಗಾಡಿ ಕೆಟ್ಟಾಗ ಹಿಂದಿನವರಿಗೆ ತಿಳಿಯಲೆಂದು ರಸ್ತೆಯಲ್ಲಿಡುವಂಥದ್ದು, ಪ್ಲಾಸ್ಟಿಕ್ ಚೀಲ ಬಿಚ್ಚದೆ ಬಿದ್ದಿತ್ತು. ಮಯೂರಿ ಅದನ್ನು ತೋರಿಸಿದಳು.

"ಅದನ್ನ ಇಟ್ರ ಯಾರರೆ ಎತಗೊಂಡು ಹೋಗ್ತಾರ. ಕಲ್ಲ ಯಾರು ಒಯ್ತಾರ?" ಎಂದು ಯೋಗಿರಾಜ ನಕ್ಕ. ಎಲ್ಲರೂ ನಕ್ಕರು. ಶಾರದಾಬಾಯಿಯೂ ನಕ್ಕಳು.

ಅವನು ರಸ್ತೆಯ ಅಂಚಿನಿಂದ ನಾಲ್ಕೈದು ದಪ್ಪ ಕಲ್ಲು ಹೊತ್ತು ತಂದು ಕಾರಿನ ಹಿಂದೆ ಸಾಲಾಗಿ ಇಟ್ಟ. ಅದರಲ್ಲಿ ಒಂದು ಡಿವೈಡರಿನಿಂದ ಕಿತ್ತುಬಂದ, ಹಳದಿ ಬಣ್ಣ ಬಳಿದ ತುಂಡು. ಅವುಗಳ ನಡುವೆ ಒಂದು ಜಾಲಿ ಕಂಟಿ ನೆಟ್ಟ. ಡಿಕ್ಕಿಯಲ್ಲಿದ್ದ, ನೇಯ್ಗೆ ತಪ್ಪಿದ ಸೆಕೆಂಡ್ ಮಾಲಿನ ಕೆಂಪು ಚೌಕಳಿ ಟಾವೆಲ್ ಒಂದನ್ನು ತೆಗೆದು ಅದರ ತುದಿಗೆ ಕಟ್ಟಿದ. ಟಾವೆಲ್ಲಿನ ಅಂಚಿನಲ್ಲಿ ತಾಯಿಯ ಹೆಸರಿನ ಛಾಪು. "ನಮ್ಮ ಮಾಲಿಂದು ಜಾಹಿರಾತೂ ಆತು," ಎಂದ.

ಕೆಲಸ ಮಾತ್ರ ಚುರುಕು. ಯಾರನ್ನೂ ಕರೆಯಲಿಲ್ಲ, ಪಾನಾ ಹಿಡಿದು ತಾನೇ ಕೂತ, ಚಕ್ರ ಬಿಚ್ಚಿದ, ಹಾಕಿದ. ಕಲ್ಯಾಣಪ್ಪ ಪಕ್ಕದಲ್ಲಿ ನಿಂತು ಕಣ್ಣು ತುಂಬ ನೋಡಿದ. ಕೋಟಿ ವ್ಯವಹಾರದ ಮನೆಯ ಹುಡುಗ ಕೈ ಕೆಸರು ಮಾಡಿಕೊಳ್ಳಲು ನಾಚುವುದಿಲ್ಲ! ಚಂದ್ರಭಾಗಾ ಬಾಟಲಿಯಿಂದ ನೀರು ಹಾಕಿದಳು, ಅವನು ಮೊಣಕೈಯವರೆಗೆ ತೊಳೆದುಕೊಂಡು ಒರೆಸಿಕೊಂಡ. ಎಲ್ಲರೂ ಒಳಗೆ ಕೂತರು.

"ಅಲ್ರಿ, ಆ ಕಲ್ಲು..." ಎಂದಳು ಶಾರದಾಬಾಯಿ.

"ಇರ್ಲಿ ಬಿಡ್ರಿ ವೈನಿ, ಕೈ ತೊಳಕೊಂಡಾನ," ಎಂದಳು ಚಂದ್ರಭಾಗಾ. "ದರ್ಶನಕ್ಕ ಹೊಂಟೀವಿ, ಮತ್ತ ಮಣ್ಣಾಗ ಎಲ್ಲಿ ಕೈ ಹಾಕೂದು? ಯಾರರೆ ತಗೀತಾರ."

ಶಾರದಾಬಾಯಿ ಇಳಿಯಬಹುದಿತ್ತು. ಅವಳೂ ತಲೆಮೇಲೆ ನೀರು ಹಾಕಿಕೊಂಡು ಇಳಕಲ್ಲ ಸೀರೆ ಉಟ್ಟು ಬಂದವಳು. ಅಲ್ಲದೆ ಅಳಿಯನಾಗುವವನ ತಪ್ಪನ್ನು ಮೊದಲ ದಿನವೇ ಎತ್ತಿ ಆಡುವುದು ಚಂದವಲ್ಲ. ನಡುವೆ ಕೂತವಳು ಇಳಿಯಬೇಕಾದರೆ ಇನ್ನೊಬ್ಬರನ್ನು ಇಳಿಸಬೇಕು, ಅದೊಂದು ಗದ್ದಲ. ಹೀಗೆ ನೆವ ಒಂದಾದ ಮೇಲೊಂದು ಸಿಕ್ಕವು, ಕಾರು ಹೊರಟೇಬಿಟ್ಟಿತು. ಹಿಂದಿನ ಗಾಜಿನಲ್ಲಿ ಕೆಂಪು ಟಾವೆಲ್ ಗಾಳಿಗೆ ಅಲುಗುತ್ತಿರುವುದು ಸ್ವಲ್ಪ ಹೊತ್ತು ಕಂಡಿತು.

ಅಕ್ಕಲಕೋಟೆಯಲ್ಲಿ ಗುರುವಾರದ ಗದ್ದಲ. ಸರತಿಯ ಸಾಲು ಬೀದಿಗೆ ಬಂದಿತ್ತು. ಯೋಗಿರಾಜ ಎಲ್ಲಿಂದಲೋ ಒಂದು ಕುರ್ಚಿ ತಂದು ಶಾರದಾಬಾಯಿಯನ್ನು ಕೂರಿಸಿದ, ನೀರು ತಂದುಕೊಟ್ಟ, ಅವಳ ಚಪ್ಪಲಿಗಳನ್ನು ತಾನೇ ಎತ್ತಿಕೊಂಡು ಹೋಗಿ ಇಟ್ಟು ಬಂದ. ಇಂಥ ಹುಡುಗನಲ್ಲಿ ಏನು ಕೊರತೆ ಹುಡುಕುವುದು? ಅವನು ಅತ್ತ ಹೋದಾಗ ಅವಳು ಮಗಳನ್ನು ಹತ್ತಿರ ಕರೆದಳು.

"ಹ್ಯಾಂಗ ಅನಸ್ತದ ನಿನಗ?"

"ಛಲೋ ಇದ್ದಾನಲ್ಲವ್ವಾ." ಮಯೂರಿ ಸರತಿಯ ಕಬ್ಬಿಣದ ಕಂಬಿಗೆ ಒರಗಿದಳು. "ನಿನಗ ಹ್ಯಾಂಗ ಅನಸ್ತದ?"

"ಗಾಡಿ ಸ್ವಲ್ಪ ಜೋರ ಹೊಡೀತಾನ."

"ಯಾರ್ ಹೊಡ್ಯಂಗಿಲ್ಲ? ಅಪ್ಪಾ ಹಂಗಽ ಹೊಡೀತಾನ. ನೀ ಬಾಳೇ ಮಾಡಿಲ್ಲೇನು?" ಆಮೇಲೆ ದನಿ ತಗ್ಗಿಸಿ, "ಅವ್ವಾ, ಮತ್ತೊಬ್ರ ಮುಂದ ಟ್ರೇ ಹಿಡಕೊಂಡು ಬರಾಕ ನನ್ನ ಕಡಿಂದ ಆಗಂಗಿಲ್ಲ. ದಣಿವಾಗ್ಯಾದ," ಎಂದಳು.

ಶಾರದಾಬಾಯಿ ಕುರ್ಚಿಯಿಂದ ಎದ್ದು ಸಾಲಿನಲ್ಲಿ ಮುಂದೆ ಸರಿದಳು. ಬಾಳೇ ಮಾಡಿಲ್ಲೇನು, ಇಂಥವನ ಜೊತೆ ಸಂಸಾರ ನಡೆಸಿಲ್ಲವೇ? ಮಾಡಿದ್ದಾಳೆ, ನಿಜ. ಸ್ವಾಮಿ ಕೂತಿದ್ದರೆಂಬ ಗುಡಿಯ ಆಲದ ಮರದ ಮುಂದೆ ಕಣ್ಣು ಮುಚ್ಚಿ ನಿಂತಾಗ ಮಗಳಿಗೆ ಒಳ್ಳೆಯದು ಮಾಡಪ್ಪಾ ಎಂದು ಬೇಡಿಕೊಳ್ಳಲು ಹೋದಳು. ಕಣ್ಣಿಗೆ ಬಂದದ್ದು ರಸ್ತೆಯ ಮೇಲಿನ ಆ ಹಳದಿ ತುಂಡು. ಯಾರೋ ತೆಗೆದಿರುತ್ತಾರೆ ಎಂದುಕೊಂಡಳು. ಪ್ರಸಾದದ ಪಂಕ್ತಿಯಲ್ಲಿ ಕೂತಾಗಲೂ ಅದನ್ನೇ ಅಂದುಕೊಂಡಳು.

ವಾಪಸು ಹೊರಡುವಾಗ ಬಿಸಿಲು ಇಳಿಮುಖವಾಗಿತ್ತು. ಚಂದ್ರಭಾಗಾ ಜಾಣತನ ಮಾಡಿ, "ಹುಡುಗೀನ್ನ ಮುಂದ ಕೂಡಸ್ರಿ, ಅವ್ರೂ ಎರಡ ಮಾತಾಡ್ಲಿ," ಎಂದಳು. ಮಯೂರಿ ಮುಂದೆ ಹೋದಳು, ಕಲ್ಯಾಣಪ್ಪ ಹಿಂದೆ ಬಂದ. ನಡುವೆ ಮತ್ತೆ ಶಾರದಾಬಾಯಿಯೇ.

ಮಯೂರಿ ಬೆಲ್ಟ್ ಎಳೆದು ಸಿಗಿಸಲು ನೋಡಿದಳು. ಅಲ್ಲಿ ಕೊಂಡಿ.

"ಅದ್ಯಾಕ ಬೇಕು? ನಾ ಅದೀನಲ್ಲ," ಎಂದ ಯೋಗಿರಾಜ, ಪ್ರೀತಿಯಿಂದಲೇ. ಮಯೂರಿ ಬೆಲ್ಟನ್ನು ಕೈಬಿಟ್ಟಳು, ಅದು ಸರಕ್ಕನೆ ಹಿಂದೆ ಹೋಯಿತು.

ಸಂಜೆ ಆ ದಾರಿಯಲ್ಲಿ ಸೊಲ್ಲಾಪುರಕ್ಕೆ ಬರುವವರಿಗೆ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ. ಕಬ್ಬಿನ ಹಂಗಾಮು. ಹಿಂದೆ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ ತೂಗಾಡುತ್ತ ಹೋಗುತ್ತಿದ್ದವು, ಹಿಂಬದಿಗೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಯೋಗಿರಾಜ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದರಲ್ಲಿ ಫೋನು ಹಿಡಿದು ಮಯೂರಿಗೆ ಹೊಸ ಫ್ಲಾಟಿನ ಫೋಟೋ ತೋರಿಸುತ್ತಿದ್ದ. "ಇದು ಕಿಚನ್ ನೋಡ್ರಿ. ಇದು ಬಾಲ್ಕನಿ." ಬೆಳಕಿನ ಝಳದೊಳಗಿಂದ ಒಂದು ಟ್ರಾಲಿಯ ಹಿಂಭಾಗ ಇದ್ದಕ್ಕಿದ್ದಂತೆ ಎದ್ದು ಬಂದಂತಾಯಿತು. ಅವನು ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಎಳೆದು ದಾಟಿಸಿದ, ನಕ್ಕ, "ಮತ್ತ ಇದು ಬೆಡ್‌ರೂಮ್," ಎಂದ.

ಶಾರದಾಬಾಯಿ ಎರಡು ಸೀಟಿನ ನಡುವಿನ ಸಂದಿಯಿಂದ ಮಗಳನ್ನು ನೋಡುತ್ತಿದ್ದಳು. ಮಯೂರಿ ಫೋಟೋ ನೋಡುತ್ತಿರಲಿಲ್ಲ, ರಸ್ತೆ ನೋಡುತ್ತಿದ್ದಳು. "ಛಲೋ ಅದ, ಛಲೋ ಅದರಿ," ಎನ್ನುತ್ತಿದ್ದಳು. ಅವಳ ಬಲಗಾಲಿನ ಬೆರಳುಗಳು ಚಪ್ಪಲಿಯೊಳಗೆ ಮುದುಡಿ ಮ್ಯಾಟನ್ನು ಒತ್ತುತ್ತಿದ್ದವು. ಮೊಣಕಾಲು ಕಟ್ಟಿಗೆಯ ಹಾಗೆ ಸೆಟೆದು ನಿಂತಿತ್ತು. ಇನ್ನೊಂದು ಟ್ರ್ಯಾಕ್ಟರು ಬಂತು, ಕಾಲು ಇನ್ನಷ್ಟು ಒತ್ತಿತು. ಬಾಯಲ್ಲಿ ಮತ್ತೆ ಅದೇ, "ಛಲೋ ಅದರಿ."

ಶಾರದಾಬಾಯಿಗೆ ಅಳು ಬಂತು. ಹೆತ್ತವಳು ಮಗಳಿಗೆ ಏನೇನೋ ಕಲಿಸಿರುತ್ತಾಳೆ, ಇದನ್ನು ಕಲಿಸಿರಲಿಲ್ಲ. ಅವಳು ತಾನಾಗಿಯೇ ಒಂದೇ ದಿನದಲ್ಲಿ ಕಲಿತುಬಿಟ್ಟಿದ್ದಳು.

ವಳಸಂಗ ದಾಟಿದ ಮೇಲೆ ಡಿವೈಡರಿನ ಕಣಗಿಲ ಗಿಡಗಳ ಆಚೆ ಮಂದಿ ಗುಂಪುಗೂಡಿದ್ದು ಕಂಡಿತು. ಯೋಗಿರಾಜ ಡಿವೈಡರಿನ ಪಕ್ಕದ ಸಾಲಿನಲ್ಲೇ ಕಾರಿನ ವೇಗ ಇಳಿಸಿ, ಕಿಟಕಿಯ ಗಾಜು ಇಳಿಸಿ ಗೋಣು ಹೊರಗೆ ಹಾಕಿದ. ಹಿಂದಿನ ಗಾಡಿಗಳು ಹಾರ್ನ್ ಬಾರಿಸತೊಡಗಿದವು.

ಆಚೆ ರಸ್ತೆಯಲ್ಲಿ ಮೋಟಾರ್‌ಸೈಕಲ್ ಒಂದು ಅಡ್ಡ ಬಿದ್ದಿತ್ತು. ಊಟದ ಡಬ್ಬಿಯ ಮುಚ್ಚಳ ಒಂದು ಕಡೆ, ಹೆಣ್ಣು ಚಪ್ಪಲಿ ಇನ್ನೊಂದು ಕಡೆ. ಅಂಗಿ ಹರಿದ ಗಂಡಸೊಬ್ಬ ರಸ್ತೆಯ ಅಂಚಿನಲ್ಲಿ ಕೂತಿದ್ದ. ಅವನ ಪಕ್ಕದಲ್ಲಿ ಹೆಂಗಸೊಬ್ಬಳು ಮಲಗಿದ್ದಳು. ಸೊಲ್ಲಾಪುರದಲ್ಲಿ ದುಡಿದು ಸಂಜೆ ವಳಸಂಗಕ್ಕೆ ಮರಳುವವರು ಆ ದಾರಿಯಲ್ಲಿ ಬೇಕಾದಷ್ಟು ಮಂದಿ. ಅವರ ಹಿಂದೆ ರಸ್ತೆಯ ಮೇಲೆ ಸಾಲು ಕಲ್ಲು, ಮುರಿದ ಜಾಲಿ ಕಂಟಿ.

"ಯಾವನೋ ಹುಚ್ಚ ನಡು ರಸ್ತಾದಾಗ ಕಲ್ಲ ಇಟ್ಟು ಹೋಗ್ಯಾನ ನೋಡ್ರಿ ಕಾಕಾ," ಎಂದ ಯೋಗಿರಾಜ. ಅವನ ದನಿಯಲ್ಲಿ ನಿಜವಾದ ಸಿಟ್ಟಿತ್ತು. "ಈ ಮಂದಿಗಿ ಯಾವಾಗ ಅಕಲ್ ಬರತದೋ!"

ನಟನೆಯಲ್ಲ, ಅವನಿಗೆ ನೆನಪೇ ಇರಲಿಲ್ಲ. ಬೆಳಿಗ್ಗೆ ಕೈ ತೊಳೆದುಕೊಂಡಾಗ ಆ ಕಲ್ಲುಗಳೂ ಅವನ ಪಾಲಿಗೆ ತೊಳೆದು ಹೋಗಿದ್ದವು.

ಕಲ್ಯಾಣಪ್ಪ ತನ್ನ ಮೊಣಕಾಲು ನೋಡುತ್ತ ಕುಳಿತಿದ್ದ. ಶಾರದಾಬಾಯಿ ಹೆಂಗಸಿನ ಹಣೆ ನೋಡುತ್ತಿದ್ದಳು. ಯಾರೋ ಪುಣ್ಯಾತ್ಮರು ಕಂಟಿಗೆ ಕಟ್ಟಿದ್ದ ಟಾವೆಲ್ ಬಿಚ್ಚಿ ಅವಳ ತಲೆಗೆ ಸುತ್ತಿದ್ದರು. ಕೆಂಪು ಚೌಕಳಿಯ ಮೇಲೆ ಇನ್ನೊಂದು ಕೆಂಪು ಹರಡುತ್ತಿತ್ತು.

"ಅದು ನಿಮ್ಮ ಟಾವೆಲ್ ಅದ, ಯೋಗಿರಾಜ," ಎಂದಳು.

ಅವನು ನೋಡಿದ. ಅವನ ಮುಖ ಸಣ್ಣದಾಯಿತು. ಒಂದು ಗಳಿಗೆ, ಈಗ ಇಳಿಯುತ್ತಾನೆ ಎಂದೇ ಶಾರದಾಬಾಯಿಗೆ ಅನ್ನಿಸಿತು. ಆಸೆಯಿಂದಲೇ ಕಾದಳು. ಅವನು ಕಿಟಕಿಯ ಗಾಜು ಏರಿಸಿದ.

"ಟಾವೆಲ್ ಕೆಲಸಕ್ಕಾರೆ ಬಂತಲ್ರಿ ಮಾವಶಿ. ನಡೀರಿ, ಹೋಗೂಣು. ಇವ್ರಿಗಿ ಗೊತ್ತಾದ್ರ ಗಾಡಿ ಒಡೀತಾರ."

"ಹೌದು, ನಡಿಯಪಾ, ದೀಪಾ ಹಚ್ಚೂ ಹೊತ್ತ ಮೀರಾಕತ್ತದ," ಎಂದು ಚಂದ್ರಭಾಗಾ ಉಡಿಯ ಚೀಲವನ್ನು ಎದೆಗೆ ಒತ್ತಿಕೊಂಡಳು.

"ಗಾಡಿ ನಿಲ್ಲಸ್ರಿ," ಎಂದಳು ಶಾರದಾಬಾಯಿ.

"ಇಲ್ಲಿ ನಿಲ್ಲಸಾಕ ಬರಂಗಿಲ್ಲ ಮಾವಶಿ, ಹೈವೇ ಅದ."

ಬೆಳಿಗ್ಗೆ ಇದೇ ಹೈವೇ ಮೇಲೆ ಮಣ್ಣಿಗೂ ಇಳಿಸದೆ ಗಾಡಿ ನಿಲ್ಲಿಸಿದವನಿಗೆ ಈಗ ಕಾಯಿದೆ ನೆನಪಾಗಿತ್ತು. ಶಾರದಾಬಾಯಿ ಮುಂದೆ ಬಾಗಿ ಅವನ ಹೆಗಲ ಮೇಲೆ ಕೈ ಇಟ್ಟಳು. "ಬಾಜೂಕ ತಗೊಂಡು ನಿಲ್ಲಸ್ರೀಪಾ. ಈಗಿಂದೀಗ." ಕೂಗಲಿಲ್ಲ. ಕಲ್ಯಾಣಪ್ಪ ಮಾತ್ರ ಬೆಚ್ಚಿ ಹೆಂಡತಿಯ ಮುಖ ನೋಡಿದ. ಆ ದನಿಯನ್ನು ಅವನು ಸಂಸಾರದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಕಾರು ಎಡಕ್ಕೆ ಸರಿದು ಮಣ್ಣಿಗೆ ಇಳಿದು ನಿಂತಿತು.

"ಇಳೀರಿ," ಎಂದಳು ಗಂಡನಿಗೆ. ಅವನು ಇಳಿಯದೆ ಅವಳು ಇಳಿಯುವಂತಿರಲಿಲ್ಲ. ಅವನು ಇಳಿದ. ಅವಳು ಇಳಿದಳು. ಮುಂದಿನ ಬಾಗಿಲು ಅಷ್ಟರಲ್ಲಿ ತೆರೆದಿತ್ತು, ಮಯೂರಿ ಆಗಲೇ ಕೆಳಗೆ ನಿಂತಿದ್ದಳು.

ರಸ್ತೆ ದಾಟಲು ಮೂವರೂ ಬಹಳ ಹೊತ್ತು ಕಾಯಬೇಕಾಯಿತು. ಒಂದೂ ಗಾಡಿ ವೇಗ ಇಳಿಸಲಿಲ್ಲ, ಎಲ್ಲರಿಗೂ ಎಲ್ಲಿಗೋ ಮುಟ್ಟುವ ಅವಸರ. ಕಲ್ಯಾಣಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ ನೋಡಿದ. ಆಮೇಲೆ ಹೆಂಡತಿಯ ಕೈ ಹಿಡಿದ. ಡಿವೈಡರಿನ ಕಣಗಿಲ ಗಿಡಗಳ ಸಂದಿಯಲ್ಲಿ ಅವಳ ಇಳಕಲ್ಲ ಸೀರೆಯ ಸೆರಗು ಸಿಕ್ಕಿ ಸ್ವಲ್ಪ ಹರಿಯಿತು.

ಮಯೂರಿ ಹೆಂಗಸಿನ ಪಕ್ಕದಲ್ಲಿ ಮೊಣಕಾಲೂರಿದಳು. "ನೀರ ಕುಡಸಬ್ಯಾಡ್ರಿ. ಎತ್ತಬ್ಯಾಡ್ರಿ. ಆಂಬ್ಯುಲನ್ಸಿಗಿ ಹೇಳೀರೇನು?" ಹೇಳಿದ್ದರು, ಬರುತ್ತಿತ್ತು. ಹೆಂಗಸಿಗೆ ಎಚ್ಚರವಿತ್ತು, ಎಡಗೈ ಊದಿಕೊಂಡು ಸೊಟ್ಟಗಾಗಿತ್ತು. ಗಂಡ ಹೇಳಿದ್ದನ್ನೇ ಹೇಳುತ್ತಿದ್ದ: "ಹಿಂದಿಂದ ಟ್ರಕ್ಕಿನವ ಹಾರ್ನ್ ಹೊಡದಾ, ಬಾಜೂಕ ಸರದೆ. ಕಲ್ಲ ಕಾಣಲಿಲ್ಲ. ಕಾಣಲಿಲ್ರಿ ಖರೇನ..."

ಬೆಳಗಿನಿಂದ ಆ ಕಲ್ಲುಗಳ ಪಕ್ಕದಲ್ಲಿ ಎಷ್ಟು ಗಾಡಿಗಳು ಹೋಗಿರಲಿಕ್ಕಿಲ್ಲ! ಎಲ್ಲರೂ ಬಳಸಿಕೊಂಡು ಹೋದರು, ಬಳಸುವಾಗ ಬೈದುಕೊಂಡು ಹೋದರು. ಇಳಿದು ಎತ್ತಿದವರು ಒಬ್ಬರೂ ಇಲ್ಲ. ಈಗ ಮುದುಕನೊಬ್ಬ ಹಳದಿ ತುಂಡಿಗೆ ಕಾಲಿನಿಂದ ಒದ್ದು, "ಇಟ್ಟವ್ರ ಕೈ ಸೇದಿ ಹೋಗ್ಲಿ," ಎಂದ.

ಶಾರದಾಬಾಯಿ ಸೆರಗು ಸೊಂಟಕ್ಕೆ ಸಿಗಿಸಿ ಆ ತುಂಡನ್ನು ಎತ್ತಿಕೊಂಡಳು. ನೆನೆಸಿದ್ದಕ್ಕಿಂತ ಭಾರವಿತ್ತು.

"ನಾವಽ ಇಟ್ಟೀವ್ರಿ," ಎಂದಳು. "ಮುಂಜಾನಿ ಗಾಡಿ ಪಂಚರ್ ಆಗಿತ್ತು. ಹೋಗೂ ಮುಂದ ತಗೀಲಿಲ್ಲ."

ಗುಂಪು ಅವಳ ಕಡೆ ತಿರುಗಿತು. ಮಲಗಿದ ಹೆಂಗಸು ಕಣ್ಣು ಹೊರಳಿಸಿ ಇವಳನ್ನು ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುದುಕ ಮಾತ್ರ, "ನಾಚ್ಗಿ ಆಗಬೇಕು ನಿಮಗ," ಎಂದ. "ಆಗ್ಯಾದರಿ," ಎಂದಳು ಶಾರದಾಬಾಯಿ. ಕಲ್ಲನ್ನು ಹೊತ್ತುಕೊಂಡು ಹೋಗಿ ರಸ್ತೆಯಿಂದ ದೂರ, ಚರಂಡಿಯ ಆಚೆ ಹಾಕಿದಳು. ತಿರುಗಿ ನೋಡಿದರೆ ಕಲ್ಯಾಣಪ್ಪ ಎರಡನೆಯದನ್ನು ಎತ್ತಿಕೊಂಡು ಬರುತ್ತಿದ್ದ.

ಆಚೆ ಬದಿಯಿಂದ ಕಾರಿನ ಹಾರ್ನ್ ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಉದ್ದಕ್ಕೆ. ಆಂಬ್ಯುಲನ್ಸ್ ಬಂದು ಇಬ್ಬರನ್ನೂ ಕರೆದುಕೊಂಡು ಹೋಗುವ ಹೊತ್ತಿಗೆ ಹಾರ್ನ್ ನಿಂತಿತ್ತು, ಕಾರೂ ಇರಲಿಲ್ಲ. ಉಡಿಯ ಚೀಲ ಅದರೊಂದಿಗೆ ಹೋಗಿತ್ತು. ಮಯೂರಿ ಹೆಂಗಸಿನ ಗಂಡನ ನಂಬರು ಬರೆದುಕೊಂಡು, ನಾಳೆ ಆಸ್ಪತ್ರೆಗೆ ಬರುತ್ತೇವೆ ಎಂದು ಹೇಳಿದಳು. ಆಮೇಲೆ ಸೆಟೆದು ನಿಂತಿದ್ದ ಮೊಣಕಾಲನ್ನು ಬಗ್ಗಿ ತಿಕ್ಕಿಕೊಂಡಳು.

ಮೂವರೂ ವಳಸಂಗದ ನಿಲ್ದಾಣಕ್ಕೆ ನಡೆದುಕೊಂಡು ಬಂದು ಸೊಲ್ಲಾಪುರದ ಎಸ್‌.ಟಿ. ಬಸ್ಸಿಗೆ ಕಾದರು. ಕಲ್ಯಾಣಪ್ಪನ ಫೋನು ರಿಂಗಾಯಿತು. ಅವನು ಕಿವಿಗೆ ಹಿಡಿದು ಹೂಂ, ಹೂಂ ಎಂದ, ಇಟ್ಟ.

"ಚಂದ್ರಭಾಗಾಬಾಯಿ. ಇವತ್ತಿಗಿ ಉಡಿ ಇಲ್ಲ, ಎಂದಿಗೂ ಇಲ್ಲ ಅಂದ್ರು. ಗುಂಪಿನ ಮುಂದ ಅವರ ಮಗನ ಮರ್ಯಾದಿ ತಗದೇವಂತ."

"ಆತು ಬಿಡ್ರಿ."

"ಆತು ಬಿಡ್ರಿ ಅಂದ್ರ ಹ್ಯಾಂಗ? ನಾಳಿ ಪ್ಯಾಟ್ಯಾಗ ಮಂದಿ ಕೇಳ್ತಾರ. ಬೀಡಿ ಇಲ್ಲ, ಗುಟ್ಕಾ ಇಲ್ಲ, ಇಷ್ಟ ಛಲೋ ಹುಡುಗ, ಅವನಲ್ಲಿ ಏನ್ ಖೋಡಿ ಕಂಡ್ರಿ ಅಂತ ಕೇಳಿದ್ರ ಏನ್ ಹೇಳ್ಲಿ ನಾ?" ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನಾಳೆಯಿಂದ ಮತ್ತೆ ಬಯೋಡಾಟಾ, ಮತ್ತೆ ಫೋನು, ಮತ್ತೆ ಕಾಂದಾಪೋಹೆ. ಆ ದಣಿವು ಅವಳಿಗೂ ಇತ್ತು.

"ಇಟ್ಟ ಕಲ್ಲ ತಗೀಲಿಲ್ಲ ಅಂತ ಹೇಳ್ರಿ," ಎಂದಳು ಶಾರದಾಬಾಯಿ.

ಕಲ್ಯಾಣಪ್ಪ ತನ್ನ ಕೈಗೆ ಅಂಟಿದ್ದ ಮಣ್ಣನ್ನು ಉಜ್ಜಿ ಉಜ್ಜಿ ಉದುರಿಸಿದ.

ಬಸ್ಸು ಬಂತು. ತಾಯಿ ಮಗಳಿಗೆ ಹಿಂದಿನ ಸೀಟು ಸಿಕ್ಕಿತು. ಮಯೂರಿ ಅವ್ವನ ಹೆಗಲಿಗೆ ತಲೆಯಿಟ್ಟು ಸ್ವಲ್ಪದರಲ್ಲೇ ನಿದ್ದೆ ಹೋದಳು. ಅವಳ ಕಾಲುಗಳು ಸಡಿಲವಾಗಿ ಬಸ್ಸಿನ ಕುಲುಕಿಗೆ ಇತ್ತ ಅತ್ತ ಹೊರಳುತ್ತಿದ್ದವು. ಮುಂದೆ ಡ್ರೈವರು ಯಾವುದೋ ಟ್ರಕ್ಕನ್ನು ಎಡಗಡೆಯಿಂದ ದಾಟುತ್ತಿದ್ದ. ಶಾರದಾಬಾಯಿಯ ಬಲಗಾಲು ಮುಂದಿನ ಸೀಟಿನ ಕಬ್ಬಿಣದ ಕಾಲಿಗೆ ಒತ್ತಿಕೊಂಡಿತು, ಸೊಲ್ಲಾಪುರ ಬರುವ ತನಕ ಒತ್ತಿಕೊಂಡೇ ಇತ್ತು. ಮಗಳ ಕಾಲನ್ನು ಮಾತ್ರ ಅವಳು ನಡುನಡುವೆ ಬಗ್ಗಿ ನೋಡುತ್ತಿದ್ದಳು. ಅದು ಎಲ್ಲಿಯೂ ಏನನ್ನೂ ಒತ್ತುತ್ತಿರಲಿಲ್ಲ.